ಕೆಂಪು ಗೆರೆಗೆ ನಾಲ್ಕು ಬೆರಳು

ಮೇ 14

ಪೂಜ್ಯ ಅತ್ತಿಗೆಯವರಿಗೆ,

ಮೈದುನನ ನಮಸ್ಕಾರಗಳು. ಈ ಪತ್ರ ಓದುವ ಮೊದಲು ದಯವಿಟ್ಟು ಕುಳಿತುಕೊಳ್ಳಿ. ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಕುಟುಂಬದಲ್ಲಿ ಒಬ್ಬ ಅಪರಾಧಿ ತಲೆಯೆತ್ತಿದ್ದಾನೆ.

ಮೊನ್ನೆ ಹನ್ನೆರಡನೆಯ ತಾರೀಕು ಬೆಳಿಗ್ಗೆ ಏಳಕ್ಕೆ ಹಿನ್ನೀರಿನ ಅಳತೆಗಂಬದ ಬಳಿ ಹೋಗಿ ನಿಮ್ಮ ಬದಲಿಗೆ ನೀರಿನ ಮಟ್ಟ ಓದಬೇಕಾಗಿದ್ದ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ಹೊದಿಕೆಯೊಳಗಿಂದ ಒಂದು ಕೈಯನ್ನಷ್ಟೇ ಹೊರಗೆ ಚಾಚಿ ನೋಟ್‌ಬುಕ್ಕಿನಲ್ಲಿ 'ನಿನ್ನೆಯಷ್ಟೇ' ಎಂದು ಬರೆದೆ. ಸಾಕ್ಷಿಗಳಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನಿಗೆ ಕಣ್ಣಾರೆ ಕಾಣದ್ದನ್ನು ತಾರೀಕು ಸಮೇತ ಹೇಳುವುದು ರೂಢಿ ಎಂದು ವಾದಿಸಬಹುದಿತ್ತು. ಆದರೆ ನೀರಿನ ಮಟ್ಟ ಬರೆಯುವವನ ಮಟ್ಟ ಇಷ್ಟು ಕೆಳಗಿಳಿಯಬಾರದು ಎಂದು ಎರಡು ದಿನದಿಂದ ಒಳಗೊಳಗೇ ಕೊರೆಯುತ್ತಿದೆ.

ಫೋನ್ ಮಾಡಿ ಹೇಳೋಣವೆಂದರೆ, ಮಾತು ಗಾಳಿಗೆ ಹೋಗುತ್ತದೆ, ಕಾಗದ ಕಡತಕ್ಕೆ ಹೋಗುತ್ತದೆ ಎನ್ನುವವರು ನೀವು. ಈ ಮನೆಯ ಫೋನೋ, ಮಳೆ ಬರುವ ಸುದ್ದಿ ಕೇಳಿದರೇ ಸತ್ತುಬೀಳುತ್ತದೆ.

ಉಳಿದಂತೆ ಎಲ್ಲ ಕ್ಷೇಮ. ಮಹಡಿಯ ಮೇಲೆ ನಿಮ್ಮ ಪ್ರಯೋಗಶಾಲೆ, ಕೆಳಗೆ ನನ್ನ ಆಲಸ್ಯಶಾಲೆ. ಮೇಲಿನದಕ್ಕೆ ಬೀಗ, ಕೆಳಗಿನದು ಸದಾ ತೆರೆದಿರುತ್ತದೆ. ನೀವಿಬ್ಬರೂ ಬಡ್ತಿಯ ಹೆಸರಲ್ಲಿ ದೊಡ್ಡ ಊರು ಸೇರಿದ ಮೇಲೆ ನನ್ನ ಮೇಲೆ ನಿಗಾ ಇಟ್ಟಿರುವುದು ಚಿಪ್ಪಿನಜ್ಜಿ ಒಬ್ಬಳೇ. ಸೊಂಟದ ಮಟ್ಟದ ನೀರಲ್ಲಿ ನಿಂತು ಕಾಲ್ಬೆರಳಿನಿಂದಲೇ ಕೆಸರು ತಡವಿ ಚಿಪ್ಪು ಹೆಕ್ಕುವಾಗಲೂ ಅವಳ ಒಂದು ಕಣ್ಣು ನನ್ನ ಕಿಟಕಿಯ ಮೇಲಿರುತ್ತದೆ. ಹನ್ನೆರಡರಂದು ಮಧ್ಯಾಹ್ನ ಸಿಕ್ಕಿದವಳು, "ಮೇಷ್ಟ್ರೇ, ಇವತ್ತು ಕಂಬವೇ ನಿಮ್ಮ ಮನೆಗೆ ಬಂದಿತ್ತಾ?" ಎಂದು ಕೇಳಿ ಮುಂದೆ ಹೋದಳು.

ಸಾಕ್ಷಿಗಳಿಲ್ಲ ಎಂದೆನಲ್ಲ, ಅದೂ ಸುಳ್ಳು.

ನಿಮ್ಮ ಅಪರಾಧಿ ಮೈದುನ

*

ಮೇ 24

ತಲೆಹರಟೆ ಮೈದುನನಿಗೆ ಆಶೀರ್ವಾದ.

ತಪ್ಪೊಪ್ಪಿಗೆ ತಲುಪಿತು. ಶಿಕ್ಷೆ ಇದು: ಆ ದಿನದ ಬರಹದ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ 'ನೋಡಿಲ್ಲ' ಅಂತ ಬರೆ. ಉಜ್ಜಿ ಅಳಿಸಬೇಡ. ಖಾಲಿ ದಿನದ ಜೊತೆ ನಾನು ಏಗಬಲ್ಲೆ, ಕಲ್ಪನೆಯ ದಿನದ ಜೊತೆ ಏಗಲಾರೆ.

ಈಗ ಕೆಲಸದ ಮಾತು. ಇನ್ನು ಮೂರು ವಾರಕ್ಕೆ ಮಳೆ ಹಿಡಿಯುತ್ತದೆ. ನೀನು ಮೊದಲ ಸಲ ನೋಡುತ್ತಿರುವುದರಿಂದ ಬಿಡಿಸಿ ಬರೆಯುತ್ತೇನೆ, ನಗಬೇಡ.

ಬೇಸಗೆಯಲ್ಲಿ ಅಲೆಗಳು ಮರಳು ತಂದು ಅಳಿವೆಯನ್ನು, ಅಂದರೆ ಹಿನ್ನೀರು ಕಡಲಿಗೆ ಸೇರುವ ಬಾಯಿಯನ್ನು, ಮುಚ್ಚಿಬಿಡುತ್ತವೆ. ಮಳೆಗಾಲದಲ್ಲಿ ಹೊಳೆನೀರು ಬಂದು ಆ ಮರಳ ದಿಬ್ಬದ ಹಿಂದೆ ತುಂಬುತ್ತದೆ. ಸಾಕಷ್ಟು ತುಂಬಿದ ಮೇಲೆ, ಕಡಲು ಇಳಿದಿರುವ ಹೊತ್ತು ನೋಡಿ ಗುದ್ದಲಿಯಿಂದ ಒಂದು ಕಾಲುವೆ ಕಡಿದರೆ ಸಾಕು. ಮಿಕ್ಕಿದ್ದನ್ನು ನೀರೇ ಮಾಡುತ್ತದೆ. ತನ್ನ ಭಾರಕ್ಕೆ ದಿಬ್ಬವನ್ನು ಅಗಲಕ್ಕೆ, ಆಳಕ್ಕೆ ಕೊರೆದುಕೊಂಡು ಹೋಗುತ್ತದೆ. ಹಾಗೆ ತೆರೆದ ಬಾಯಿ ತಿಂಗಳುಗಟ್ಟಲೆ ತೆರೆದಿರುತ್ತದೆ. ಹೊರಗೆ ಕಾದಿರುವ ಮೀನುಮರಿಗಳು ಒಳಗೆ ಬರುತ್ತವೆ. ಉಪ್ಪುನೀರು ದಿನಕ್ಕೆರಡು ಸಲ ಬಂದು ಹೋಗುತ್ತದೆ. ತಳದ ಹುಲ್ಲುಹಾಸು ಉಸಿರಾಡುತ್ತದೆ. ಹುಲ್ಲಿದ್ದರೆ ಚಿಪ್ಪು, ಚಿಪ್ಪಿದ್ದರೆ ಅಜ್ಜಿ.

ಅವಸರಪಟ್ಟು ಬೇಗ ಕಡಿದರೆ ನೀರಿಗೆ ಭಾರವಿರುವುದಿಲ್ಲ. ಸಣ್ಣಗೆ ಸೋರಿಹೋಗುತ್ತದೆ, ಅಲೆ ಎಂಟೇ ದಿನದಲ್ಲಿ ಬಾಯಿ ಹೊಲಿದುಬಿಡುತ್ತದೆ. ಮರಿಗಳು ಹೊರಗೇ ಉಳಿಯುತ್ತವೆ. ಹುಲ್ಲು ಅರ್ಧ ಒಣಗುತ್ತದೆ, ಅರ್ಧ ಕೊಳೆಯುತ್ತದೆ.

ಅದಕ್ಕೇ ಕಂಬದ ಮೇಲೆ ಕೆಂಪು ಗೆರೆ. ಅದನ್ನು ಎಳೆದದ್ದು ನಾನಲ್ಲ, ಹನ್ನೆರಡು ವರ್ಷದ ಅಳತೆ. ನೀರು ಗೆರೆ ಮುಟ್ಟುವವರೆಗೆ ದಿಬ್ಬ ಕಡಿಯುವ ಹಾಗಿಲ್ಲ. ಮೊದಲೇ ಕಡಿಯಬೇಕಾದರೆ ನೀರು ನೋಡುವವರ ಸಹಿ ಬೇಕು ಅಂತ ಊರಿನ ಸಮಿತಿ ಒಪ್ಪಿದೆ. ಈ ವರ್ಷ ನೀರು ನೋಡುವವನು ನೀನು.

ನನ್ನ ಕೋಣೆ ಚೆನ್ನಾಗಿದೆ. ಕಿಟಕಿ ತೆಗೆದರೆ ಇನ್ನೊಂದು ಕಿಟಕಿ ಕಾಣುತ್ತದೆ. ಬಡ್ತಿ ಅಂದರೆ ಇದೇ ಇರಬೇಕು.

ನಿನ್ನ ಅಣ್ಣ ಹೇಳಿದ್ದು: "ಅವನಿಗೆ ಈಜು ಬರಲ್ಲ, ನೀರಿಗೆ ಇಳೀಬೇಡ ಅಂತ ಬರಿ." ಬರೆದಿದ್ದೇನೆ.

ಅತ್ತಿಗೆ

*

ಜೂನ್ 20

ಅತ್ತಿಗೆಯವರಿಗೆ,

ಮಳೆ ಹಿಡಿದಿದೆ ಎಂದು ಬರೆದರೆ ತಪ್ಪು. ಮಳೆ ನಮ್ಮನ್ನು ಹಿಡಿದಿದೆ. ಒಂಬತ್ತು ದಿನದಿಂದ ಬಿಡುತ್ತಿಲ್ಲ. ಜೀವಮಾನದಲ್ಲಿ ನನ್ನ ಬಾಯಿಯನ್ನು ಯಾರೂ ಮುಚ್ಚಿಸಿದ್ದಿಲ್ಲ. ಇಷ್ಟು ದೊಡ್ಡ ಹಿನ್ನೀರು ಮರಳಿಗೆ ಹೆದರಿ ಬಾಯಿ ಮುಚ್ಚಿ ಕೂತಿರುವುದನ್ನು ನೋಡಿದರೆ ಮರುಕವಾಗುತ್ತದೆ.

ಕಂಬದ ಲೆಕ್ಕ ಬೇರೆ ಹಾಳೆಯಲ್ಲಿದೆ. ಎಲ್ಲವೂ ಎದ್ದು ಹೋಗಿ, ಕೊಡೆ ಹಿಡಿದು, ಕಣ್ಣಿಂದ ನೋಡಿ ಬರೆದದ್ದು. ಗೆರೆಗೆ ಇನ್ನೂ ಒಂದು ಗೇಣು ಬಾಕಿ.

ನಿನ್ನೆ ಐಸ್ ಕಾರ್ಖಾನೆಯವರು ಬಂದಿದ್ದರು. ಸಮಿತಿಯ ಅಧ್ಯಕ್ಷರಲ್ಲವೇ, ಕುರ್ಚಿಯಲ್ಲಿ ಅಧ್ಯಕ್ಷರ ಹಾಗೆಯೇ ಕೂತರು. ಐಸಿನವರಾದರೂ ಮಾತು ಬಿಸಿ.

"ಮೇಷ್ಟ್ರೇ, ತಗ್ಗಿನ ಬೀದೀಲಿ ಏಳು ಮನೆ ಮೆಟ್ಟಿಲಿಗೆ ನೀರು ಬಂದಿದೆ. ಮಣ್ಣು ತೋಡೋ ಯಂತ್ರ ನಮ್ಮ ಅಂಗಳದಲ್ಲೇ ನಿಂತಿದೆ. ಒಂದು ಸಹಿ ಹಾಕಿದ್ರೆ ಅರ್ಧ ದಿನದ ಕೆಲಸ."

"ಗೆರೆ ಮುಟ್ಟಿಲ್ಲವಲ್ಲ," ಎಂದೆ.

"ಗೆರೆ ಮನೆಯೊಳಗೆ ವಾಸ ಮಾಡಲ್ಲ, ಮೇಷ್ಟ್ರೇ. ಜನ ಮಾಡ್ತಾರೆ."

ನನ್ನ ಬಳಿ ಒಂದು ಚಮತ್ಕಾರದ ಉತ್ತರವಿತ್ತು. ಅವರು ಹೋಗಿ ಒಂದು ಗಂಟೆಯ ಮೇಲೆ ಹೊಳೆಯಿತು.

ಸಂಜೆ ತಗ್ಗಿನ ಬೀದಿಗೆ ಹೋಗಿಬಂದೆ. ಟೈಲರ್ ತನ್ನ ಹೊಲಿಗೆ ಯಂತ್ರವನ್ನು ಮೇಜಿನ ಮೇಲೇರಿಸಿ, ತಾನು ಸ್ಟೂಲಿನ ಮೇಲೆ ಮಂಡಿ ಮಡಚಿ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುತ್ತಿದ್ದ. "ಏನೂ ತೊಂದ್ರೆ ಇಲ್ಲ ಸಾರ್, ಮೀನು ಬಂದ್ರೆ ಸೂಜಿ ಇದೆ," ಎಂದ. ಅವನ ಹೆಂಡತಿ ನಗಲಿಲ್ಲ.

ಹೆದರಿದ್ದೇನೆ ಎಂದು ತಿಳಿಯಬೇಡಿ. ಹದಿನೆಂಟನೇ ವಯಸ್ಸಿನಲ್ಲಿ ಪರೀಕ್ಷೆ ಫೇಲಾಗಿ ನಿಮ್ಮ ಮನೆ ಸೇರಿದವನಿಗೆ, ಹೊಸ ಮದುವಣಗಿತ್ತಿಯಾಗಿದ್ದ ನೀವು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ತೆರೆದು, "ಮೊದಲನೇ ಪುಟದಿಂದ ಶುರು ಮಾಡೋಣ," ಎಂದಿರಿ. ಆ ಮೇಜಿಗೆ ನಾನು ಎಷ್ಟು ಋಣಿ ಎಂದು ಯಾವತ್ತೂ ಹೇಳಿಲ್ಲ. ನಿಮ್ಮ ಉಪ್ಪು ತಿಂದವನು ನಿಮ್ಮ ನೀರು ಕಾಯದಿದ್ದರೆ ಹೇಗೆ?

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ: ಆ ಕೆಂಪು ಗೆರೆ ಎಷ್ಟು ಖಚಿತ? ಒಂದೆರಡು ಬೆರಳು ಆಚೀಚೆ ಆದರೂ ನಡೆಯುತ್ತದೆಯೇ? ಸುಮ್ಮನೆ ಕುತೂಹಲಕ್ಕೆ.

ನಿಮ್ಮ ಮೈದುನ

*

ಜೂನ್ 27

ಮೈದುನನಿಗೆ,

ನಿನ್ನ ಪತ್ರ ಓದಿ ಮನಸ್ಸು ಹಗುರವಾಯಿತು. ಇಂಥ ಹೊತ್ತಿನಲ್ಲೂ ಐಸಿನ ಜೋಕು ಮಾಡುತ್ತಿದ್ದೀಯ ಅಂದರೆ ನೀನು ಗಟ್ಟಿ. ನಾನು ಅಷ್ಟು ಗಟ್ಟಿಯಲ್ಲ.

ಗೆರೆ ಖಚಿತ. ಒಂದೆರಡು ಬೆರಳು ಸಣ್ಣದು ಅನ್ನಿಸಬಹುದು, ಆದರೆ ಇಡೀ ಹಿನ್ನೀರಿನ ಅಗಲಕ್ಕೆ ಎರಡು ಬೆರಳು ಹರಡಿಕೊಂಡರೆ ಎಷ್ಟು ನೀರು ಅಂತ ನೀನೇ ಲೆಕ್ಕ ಹಾಕು. ನೀನು ಗಣಿತದಲ್ಲೂ ಫೇಲಾಗಿದ್ದೆ, ಆದ್ದರಿಂದ ನನ್ನ ಮಾತು ನಂಬು.

ಏಳು ಮನೆಯವರನ್ನು ಮಹಡಿಯ ಮೇಲೆ ಕರೆದುಕೊಳ್ಳಬಹುದು. ಬೀಗದ ಕೈ ನಿನ್ನ ಹತ್ತಿರ ಇದೆ. ಗಾಜಿನ ಸಾಮಾನುಗಳನ್ನು ಕಪಾಟಿಗೆ ಸೇರಿಸು, ಅಷ್ಟೇ. ಇದನ್ನು ನಾನು ಹಿಂದೆಯೇ ಯೋಚಿಸಬೇಕಿತ್ತು.

ಅತ್ತಿಗೆ

*

ಜುಲೈ 3

ಅತ್ತಿಗೆಯವರಿಗೆ,

ನಾಲ್ಕು ಬೆರಳು ಬಾಕಿ. ಎರಡು ದಿನದಿಂದ ಮಳೆ ನಿಂತಿದೆ, ನೀರು ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಟೈಲರನ ಮನೆಯೊಳಗೆ ಬಂದಿದೆ. ಜೂನ್ ಇಪ್ಪತ್ತರಿಂದ ನಿಮ್ಮ ಉತ್ತರವಿಲ್ಲ. ರಸ್ತೆ ಕುಸಿದು ಅಂಚೆ ಗಾಡಿ ಬಂದಿಲ್ಲವಂತೆ. ಫೋನ್ ಸತ್ತು ಹದಿನೈದು ದಿನವಾಯಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮೈದುನ

*

ಜುಲೈ 9

ಅತ್ತಿಗೆಯವರಿಗೆ, ಅಣ್ಣನಿಗೆ, ನಿಮ್ಮ ಕಚೇರಿಯವರೆಲ್ಲರಿಗೂ,

ಅಳಿವೆ ತೆರೆಯಿತು.

ಉಸಿರು ತೆಗೆದುಕೊಂಡು ಮೊದಲಿನಿಂದ ಹೇಳುತ್ತೇನೆ. ನಾಲ್ಕನೆಯ ತಾರೀಕು ಬೆಳಿಗ್ಗೆ ಐಸ್ ಕಾರ್ಖಾನೆಯವರ ಯಂತ್ರ ಗುಡುಗುತ್ತ ದಿಬ್ಬದ ಬಳಿ ಬಂತು. ಬಂದು ನೋಡಿದರೆ, ಅಗೆಯಬೇಕಾದ ಜಾಗದ ನಟ್ಟನಡುವೆ ನಿಮ್ಮ ಮೈದುನ. ಮಂಡಿಯವರೆಗೆ ನೀರು, ಎರಡೂ ಕೈ ಆಕಾಶಕ್ಕೆ. ಡ್ರೈವರ್ ಹಾರ್ನ್ ಹೊಡೆದ. ನಾನು ಅಲುಗಾಡಲಿಲ್ಲ. ಅಧ್ಯಕ್ಷರು ಬಂದು ಕೂಗಾಡಿದರು. ಅಲುಗಾಡಲಿಲ್ಲ. ಚಿಪ್ಪಿನಜ್ಜಿ ತನ್ನ ಹದಿನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಬಂದು ನನ್ನ ಸುತ್ತ ನಿಂತಳು. ಎರಡೂವರೆ ಗಂಟೆ, ಅತ್ತಿಗೆ. ಒಂದಂಗುಲ ಈಚೆಗಿಲ್ಲ, ಒಂದಂಗುಲ ಆಚೆಗಿಲ್ಲ. ಕೊನೆಗೆ ಕಡಲು ಏರತೊಡಗಿತು, ಯಂತ್ರ ಹಿಂದಕ್ಕೆ ಹೋಯಿತು. ಮರುದಿನ ಅದಕ್ಕೆ ಕುಸಿದ ರಸ್ತೆಯ ಕೆಲಸ ಬಂತು. ಬಂಡೆ ಎನ್ನುವ ಶಬ್ದವನ್ನು ನಾನು ತರಗತಿಯಲ್ಲಿ ರಾಜಮಹಾರಾಜರಿಗೆ ಬಳಸಿದ್ದೇನೆ. ಇನ್ನು ಮೇಲೆ ಸ್ವಲ್ಪ ಯೋಚಿಸಿ ಬಳಸುತ್ತೇನೆ.

ಆ ಮಧ್ಯಾಹ್ನವೇ ಅಜ್ಜಿ ನನ್ನಿಂದ ಬೀಗ ತೆಗೆಸಿ ಏಳು ಮನೆಯವರನ್ನೂ ಗಂಟುಮೂಟೆ ಸಮೇತ ನಿಮ್ಮ ಮಹಡಿಗೆ ಹತ್ತಿಸಿದಳು. ನಿಮ್ಮ ಸೂಕ್ಷ್ಮದರ್ಶಕದ ಮೇಜಿನ ಮೇಲೆ ಟೈಲರನ ಯಂತ್ರ ಕೂತಿದೆ. ಸಂಜೆ ಮತ್ತೆ ಮಳೆ. ಏಳನೆಯ ತಾರೀಕಿನ ರಾತ್ರಿ ಒಂದು ಬೆರಳು ಬಾಕಿ. ಎಂಟರ ಬೆಳಿಗ್ಗೆ ಏಳಕ್ಕೆ ನೀರು ಗೆರೆಯ ಮೇಲೆ ಕೂತಿತ್ತು.

ಕಡಲು ಇಳಿಯುವ ಹೊತ್ತಿಗೆ ನಲವತ್ತು ಗುದ್ದಲಿ ಸೇರಿದವು. ಅಧ್ಯಕ್ಷರೂ ಪ್ಯಾಂಟು ಮಡಚಿಕೊಂಡು ಬಂದರು. ಎರಡಡಿ ಅಗಲದ ಕಾಲುವೆ. ಮೊದಲು ಒಂದು ಎಳೆ ನೀರು, ಬೆಕ್ಕು ಬಾಗಿಲ ಸಂದಿಯಲ್ಲಿ ನುಸುಳುವ ಹಾಗೆ, ಸದ್ದಿಲ್ಲದೆ ಹೋಯಿತು. ಆಮೇಲೆ ಎರಡೂ ದಂಡೆ ದಪ್ಪ ಚೂರುಗಳಾಗಿ ಕಳಚಿ ಬೀಳತೊಡಗಿದವು. ಮಧ್ಯಾಹ್ನಕ್ಕೆ ಆಚೆ ದಡದವರ ಮಾತು ಈಚೆ ದಡಕ್ಕೆ ಕೇಳುತ್ತಿರಲಿಲ್ಲ. ಟೈಲರನ ಹೆಂಡತಿ ಅವತ್ತು ನಕ್ಕಳು.

ನಿಮಗೆ, ಆ ಹನ್ನೆರಡು ವರ್ಷಕ್ಕೆ, ಆ ಗೆರೆಗೆ, ನನ್ನ ಕೃತಜ್ಞತೆ.

ಬಂಡೆ

*

ಜುಲೈ 9

ಮೈದುನನಿಗೆ,

ಮೂರನೆಯ ತಾರೀಕಿನ ನಿನ್ನ ಪತ್ರ ಇವತ್ತು ಕೈಸೇರಿತು. ಒಂದೂ ಜೋಕು ಇಲ್ಲದ ನಿನ್ನ ಪತ್ರ ಇದೇ ಮೊದಲು. ನಿನ್ನನ್ನು ಗಟ್ಟಿ ಅಂದುಕೊಂಡು ಹಾಯಾಗಿದ್ದೆ, ಅದು ನನ್ನ ದಡ್ಡತನ.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದ್ದೀಯ. ಊಹೆ ಬೇಡ, ಮಾಡಿದ್ದನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ, ಗೆರೆಗೆ ಒಂದು ಗೇಣು ಇರುವಾಗಲೇ ನಾನು ಸಹಿ ಹಾಕಿದೆ. ತಗ್ಗಿನ ಬೀದಿಯ ಒಂದು ಕೂಸಿನ ತೊಟ್ಟಿಲನ್ನು ಕಿಟಕಿಗೆ ಕಟ್ಟಿದ್ದರು. ನೋಡಲಾಗಲಿಲ್ಲ. ಅಳಿವೆ ಎಂಟು ದಿನ ತೆರೆದಿತ್ತು. ಒಂಬತ್ತನೆಯ ದಿನ ಮುಚ್ಚಿತು. ಆ ವರ್ಷ ಹುಲ್ಲುಹಾಸಿನಲ್ಲಿ ಅರ್ಧ ಹೋಯಿತು. ಚಿಪ್ಪಿನ ಹೆಂಗಸರು ಎರಡು ತಿಂಗಳು ಬರಿಗೈಯಲ್ಲಿ ಕೂತರು. ಅಜ್ಜಿ ತನಗೆ ಸಿಕ್ಕಿದ ಕೊನೆಯ ಬುಟ್ಟಿಯನ್ನು ನನ್ನ ಬಾಗಿಲಲ್ಲಿ ಇಟ್ಟು ಹೋದಳು. ಬೈದಿದ್ದರೆ ಅಲ್ಲೇ ಇರುತ್ತಿದ್ದೆನೋ ಏನೋ.

ಬಡ್ತಿ ಅಂತ ನಿಮಗೆಲ್ಲ ಹೇಳಿದ್ದು ಸುಳ್ಳು. ವರ್ಗ ಕೇಳಿಕೊಂಡು ಬಂದೆ. ನಿನ್ನ ಅಣ್ಣನಿಗೆ ಮಾತ್ರ ಗೊತ್ತು.

ನೀನು ಸಹಿ ಹಾಕಿದ್ದರೆ ಹಾಕಿರು. ನಾನು ಒಂದು ಮಾತೂ ಅನ್ನುವುದಿಲ್ಲ. ಅನ್ನುವ ಯೋಗ್ಯತೆ ನನಗಿಲ್ಲ.

ಅತ್ತಿಗೆ

*

ಆಗಸ್ಟ್ 25

ಪ್ರೀತಿಯ ಮೈದುನನಿಗೆ,

ಆರು ವಾರದಿಂದ ಲಕೋಟೆಯಲ್ಲಿ ಬರೀ ಅಂಕಿ ಬರುತ್ತಿವೆ, ನಿನ್ನ ಒಂದು ಅಕ್ಷರವಿಲ್ಲ. ಕಾರಣ ನನಗೆ ಗೊತ್ತು. ಅತ್ತಿಗೆ ಸುಳ್ಳಿ ಅಂತ ನಿನಗೆ ಬೇಸರವಾಗಿದೆ. ಆಗಬೇಕಾದದ್ದೇ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನ ಅಂಕಿಗಳು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ಅಳಿವೆ ತೆರೆದು ಇವತ್ತಿಗೆ ನಲವತ್ತೆಂಟು ದಿನ. ನೀನು ಅಜ್ಜಿಯ ಕೈಲಿ ಬಲೆ ಹಾಕಿಸಿ ಎಣಿಸಿದ ಮೀನುಮರಿ ನನ್ನ ಹನ್ನೆರಡು ವರ್ಷದ ಯಾವ ಲೆಕ್ಕಕ್ಕಿಂತಲೂ ಹೆಚ್ಚು. ದಕ್ಷಿಣದ ಮೂಲೆಯಲ್ಲಿ ಹೊಸ ಹುಲ್ಲು ಅಂಗೈ ಉದ್ದ ಬಂದಿದೆ ಅಂತ ಹಾಳೆಯ ಅಂಚಿನಲ್ಲಿ ಗೀಚಿದ್ದೀಯಲ್ಲ, ಅದನ್ನು ಓದಿ ಕಚೇರಿಯಲ್ಲೇ ಅತ್ತೆ. ಎದುರು ಕಿಟಕಿಯವರು ನೋಡಿದರು. ನೋಡಲಿ.

ಆ ಮೂಲೆ ನಾನು ಕೊಂದದ್ದು. ನೀನು ಬದುಕಿಸಿದೆ. ಇದಕ್ಕೆ ಹೇಗೆ ಕೃತಜ್ಞತೆ ಹೇಳಬೇಕೋ ಗೊತ್ತಾಗುತ್ತಿಲ್ಲ.

ನಿನ್ನ 'ಬಂಡೆ' ಪತ್ರವನ್ನು ನಿನ್ನ ಅಣ್ಣ ಬಂದವರಿಗೆಲ್ಲ ಓದಿ ಹೇಳುತ್ತಾರೆ. ನಿನ್ನೆ ಹಾಲಿನವನಿಗೂ ಓದಿದರು. "ನಮ್ಮ ಹುಡುಗ ಚಿಕ್ಕಂದಿನಲ್ಲಿ ಕಪ್ಪೆಗೆ ಹೆದರ್ತಿದ್ದ, ನೋಡಿ ಈಗ," ಅಂದರು. ಆ ಮನುಷ್ಯ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನಮ್ಮ ಮದುವೆಯಾದ ಮೇಲೆ ನಾನು ಕೇಳಿಲ್ಲ.

ಇನ್ನೊಂದು ಮಾತು. ಬೇರೆ ಹಿನ್ನೀರುಗಳನ್ನು ಕಾಯುವವರಿಗಾಗಿ ನಮ್ಮ ಸಂಸ್ಥೆ ಒಂದು ಕೈಪಿಡಿ ಮಾಡುತ್ತಿದೆ. ಅದರಲ್ಲಿ ನಿನ್ನ ಆ ಎರಡೂವರೆ ಗಂಟೆಯ ಬಗ್ಗೆ ಒಂದು ಪುಟ ಬರೆದಿದ್ದೇನೆ. 'ಅಳತೆ ಎಷ್ಟೇ ನಿಖರವಾಗಿರಲಿ, ಕೊನೆಗೆ ಒಬ್ಬ ಮನುಷ್ಯ ಅಲುಗಾಡದೆ ನಿಲ್ಲಬೇಕಾಗುತ್ತದೆ' ಅಂತ ಶುರುವಾಗುತ್ತದೆ. ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.

ಮತ್ತೆ ಅಲ್ಲಿಗೇ ಬರಲು ನನಗೆ ಮನಸ್ಸಿದೆ. ಆದರೆ ನೀನು ನಿಂತ ಜಾಗದಲ್ಲಿ ನಿಲ್ಲಲಾರದವಳು ಅಜ್ಜಿಗೆ ಯಾವ ಮುಖ ತೋರಿಸಲಿ? ನೀನು ಅಲ್ಲೇ ಇರು. ನಿನ್ನಂಥವರು ಅಲ್ಲಿರಬೇಕು.

ಅತ್ತಿಗೆ

*

ಸೆಪ್ಟೆಂಬರ್ 1

ಅತ್ತಿಗೆಯವರಿಗೆ,

ಕೈಪಿಡಿಯ ಅಚ್ಚು ನಿಲ್ಲಿಸಿ. ಈ ಪತ್ರವನ್ನು ಓಡಿಹೋಗಿ ಅಂಚೆಗೆ ಹಾಕುತ್ತಿದ್ದೇನೆ. ಈ ವಯಸ್ಸಿನಲ್ಲಿ ನಾನು ಓಡಿದ್ದೇನೆ ಎಂದರೆ ವಿಷಯ ಎಷ್ಟು ಗಂಭೀರ ಎಂದು ಊಹಿಸಿಕೊಳ್ಳಿ. ಆ ಪುಟ ಓದಿ ಯಾವನೋ ಬಡಪಾಯಿ ಇನ್ನೊಂದು ದಿಬ್ಬದ ಮೇಲೆ ಯಂತ್ರದ ಎದುರು ನಿಂತುಬಿಟ್ಟರೆ ಆ ಪಾಪ ನನಗೆ ಸುತ್ತಿಕೊಳ್ಳುತ್ತದೆ.

ಮೊದಲಿಗೆ ಕೃತಜ್ಞತೆ, ಏಕೆಂದರೆ ಪತ್ರದ ಕೊನೆಗೆ ಅದಕ್ಕೆ ನನ್ನಲ್ಲಿ ಮುಖ ಉಳಿದಿರುವುದಿಲ್ಲ. ಇವತ್ತು ಬೆಳಿಗ್ಗೆ ಅಜ್ಜಿ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ದಕ್ಷಿಣದ ಮೂಲೆಗೆ ಹೋದಳು. ಅಂಚಿಗೆ ಬಗ್ಗಿ ನೋಡಿದೆ. ಹುಲ್ಲಿನ ನಡುವೆ ಉಗುರಿನಷ್ಟುದ್ದದ ಮರಿಗಳು, ಸಾವಿರವೋ ಹತ್ತು ಸಾವಿರವೋ, ಒಟ್ಟಿಗೇ ತಿರುಗಿದವು. ನೀರು ಒಂದು ಸಲ ಬೆಳ್ಳಗೆ ಮಿಂಚಿ ಮತ್ತೆ ಹಸಿರಾಯಿತು. ಹುಲ್ಲನ್ನು ತೃಣಸಮಾನ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ವಾಪಸು ತೆಗೆದುಕೊಂಡಿದ್ದೇನೆ. ಇದನ್ನೆಲ್ಲ ನೋಡುವ ಕಣ್ಣನ್ನು ಐವತ್ತೈದರಲ್ಲಿ ನನಗೆ ಕೊಡಿಸಿದವರು ನೀವು. ಹದಿನೆಂಟರಲ್ಲಿ ಓದುವ ಕಣ್ಣು ಕೊಟ್ಟವರೂ ನೀವೇ.

ನಿಮ್ಮ ಮೇಲೆ ನನಗೆ ಬೇಸರ ಎಂದುಕೊಂಡಿದ್ದೀರಿ. ನಿಮ್ಮ ತೊಟ್ಟಿಲಿನ ಪತ್ರ ಜುಲೈ ಹದಿನೈದರಂದು ಬಂತು. ಆರು ವಾರ ನಾನು ಅಕ್ಷರ ಬರೆಯದಿದ್ದದ್ದು ನಾಚಿಕೆಯಿಂದ. ಕೇಳಿ.

ನಾಲ್ಕನೆಯ ತಾರೀಕು ನಾನು ದಿಬ್ಬದ ಬಳಿ ಹೋಗಿದ್ದು ನಿಲ್ಲುವುದಕ್ಕಲ್ಲ, ದಾಟುವುದಕ್ಕೆ. ಆಚೆ ದಡಕ್ಕೆ ತುರ್ತಿನ ಕೆಲಸವಿತ್ತು. ರಸ್ತೆಯಲ್ಲಿ ಹೋದರೆ ತಗ್ಗಿನ ಬೀದಿ ಸಿಗುತ್ತದೆ, ಟೈಲರನ ಮುಖ ನೋಡಬೇಕಾಗುತ್ತದೆ ಎಂದು ಒಳದಾರಿ ಹಿಡಿದೆ. ಏಳೆಂಟು ಹೆಜ್ಜೆ ಹಾಕುವಷ್ಟರಲ್ಲಿ ಕೆಸರು ಎರಡೂ ಕಾಲನ್ನು ಮಂಡಿಯವರೆಗೆ ನುಂಗಿಬಿಟ್ಟಿತು. ಎಳೆದಷ್ಟೂ ಇಳಿಯುತ್ತದೆ. ಅಷ್ಟರಲ್ಲಿ ಯಂತ್ರ ಬಂತು. ಎರಡೂ ಕೈ ಎತ್ತಿ, "ಕಾಪಾಡಿ, ಕಾಪಾಡಿ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ಕೂಗು ಯಾರಿಗೂ ಕೇಳಲಿಲ್ಲ, ಎತ್ತಿದ ಕೈ ಮಾತ್ರ ಕಂಡಿತು. ಆಮೇಲೆ ಅದನ್ನು ಊರು ಪ್ರತಿಭಟನೆ ಎಂದು ಕರೆಯಿತು.

ಚಿಪ್ಪಿನಜ್ಜಿಗೆ ಮಾತ್ರ ಒಂದೇ ನೋಟಕ್ಕೆ ಗೊತ್ತಾಯಿತು. ಅವಳ ಕಾಲು ಐವತ್ತು ವರ್ಷದಿಂದ ಆ ಕೆಸರನ್ನು ಬಲ್ಲದು. ಹಗುರಾಗಿ ಜಾರುತ್ತ ಬಂದು ನನ್ನ ಪಕ್ಕ ನಿಂತಳು.

"ಅಜ್ಜಿ, ಎಳಿ ನನ್ನ," ಎಂದೆ.

"ಸುಮ್ನಿರಿ ಮೇಷ್ಟ್ರೇ. ಹೇಗೂ ಸಿಕ್ಕಿಹಾಕ್ಕೊಂಡಿದ್ದೀರಿ. ಸ್ವಲ್ಪ ಗಂಭೀರವಾಗಿ ನಿಂತ್ಕೊಳ್ಳಿ."

ಹೆಂಗಸರಿಗೆ ಸನ್ನೆ ಮಾಡಿದಳು. ಅವರು ಬಂದು ನನ್ನ ಕಾಲು ಕಾಣದ ಹಾಗೆ ಸುತ್ತುವರಿದರು. ಅಧ್ಯಕ್ಷರು ಶೂ ಕೆಸರಾದೀತೆಂದು ದೂರದಿಂದಲೇ, "ಏನ್ ಮೇಷ್ಟ್ರೇ ಇದು, ನೀವೇ ಹೀಗಾ?" ಎಂದು ಕೂಗಿದರು. ಉತ್ತರ ಕೊಡಲು ಜೇಬಿನ ಕಡೆ ಕೈ ಇಳಿಸಿದೆ. ಅಜ್ಜಿ ಮಣಿಕಟ್ಟು ಹಿಡಿದು ಮೇಲೆತ್ತಿದಳು. "ಕೈ ಮೇಲೇ ಇರ್ಲಿ. ಚೆನ್ನಾಗಿ ಕಾಣುತ್ತೆ."

ಯಂತ್ರ ಹೋದ ಮೇಲೆ ನಾಲ್ಕು ಜನ ಹೆಂಗಸರು ಸೇರಿ ನನ್ನನ್ನು ಮೂಲಂಗಿ ಕಿತ್ತ ಹಾಗೆ ಕಿತ್ತರು. ನಾನು ಬಂದೆ, ಚಪ್ಪಲಿ ಬರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಕಾಲಿನ ಬಗ್ಗೆ ಏಕೆ ಏನೂ ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಇಷ್ಟೆಲ್ಲ ಹದಿನೈದು ಹೆಂಗಸರಿಗೂ ಗೊತ್ತು. ಇವತ್ತಿನವರೆಗೂ ಒಬ್ಬರೂ ಬಾಯಿ ಬಿಟ್ಟಿಲ್ಲ. ಬೀದಿಯಲ್ಲಿ ಸಿಕ್ಕಾಗ ಮಾತ್ರ ನನ್ನ ಕಾಲು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆದ್ದರಿಂದ ನಿಮ್ಮ ಪುಟದಲ್ಲಿ ಅಜ್ಜಿಯ ಬಗ್ಗೆ ಬರೆಯಿರಿ, ಏಳು ಮನೆಯವರನ್ನು ಹೊತ್ತ ಮಹಡಿಯ ಬಗ್ಗೆ ಬರೆಯಿರಿ. ನೀರು ನೋಡುವವರು ಮಳೆ ಹಿಡಿಯುವ ಮೊದಲೇ ಬೀಗ ತೆಗೆದಿಡಬೇಕು ಎಂದು ಬರೆಯಿರಿ. ಮತ್ತು ಮೂಟೆ ಕಟ್ಟಿ ಹೊರಡಿ. ಅಜ್ಜಿಗೆ ಯಾವ ಮುಖ ತೋರಿಸಲಿ ಎಂದಿರಲ್ಲ, ನನ್ನದನ್ನು ದಿನಾ ನೋಡಿಯೂ ಸಹಿಸಿದ್ದಾಳೆ. ಅಣ್ಣನಿಗೆ ನೀವೇ ನಿಧಾನವಾಗಿ ತಿಳಿಸಿ. ಹಾಲಿನವನಿಗೆ ಬೇಡ.

ಆಚೆ ದಡದಲ್ಲಿ ಏನು ತುರ್ತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆಚೆ ದಡದಲ್ಲಿರುವುದು ಐಸ್ ಕಾರ್ಖಾನೆ. ಮೂರನೆಯ ತಾರೀಕು ನಿಮಗೆ ಪತ್ರ ಹಾಕಿ ಬರುತ್ತ, ದಾರಿಯಲ್ಲಿ ಅಧ್ಯಕ್ಷರಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಮರುದಿನ ಯಂತ್ರ ಹೊರಟಿದ್ದು. ನನ್ನ ಅಂಗಿಯ ಜೇಬಿನಲ್ಲಿದ್ದದ್ದು, ದುಂಡಾದ ಅಕ್ಷರದಲ್ಲಿ ಎರಡು ಪ್ರತಿ ಬರೆದು, ಕೆಳಗೆ ಸಹಿ ಹಾಕಿದ ಒಪ್ಪಿಗೆ ಪತ್ರ. ಎರಡೂವರೆ ಗಂಟೆ ಅಲುಗಾಡದೆ ನಿಂತದ್ದು ಅಕ್ಷರಶಃ ನಿಜ, ಅತ್ತಿಗೆ. ಅಲುಗಾಡಲು ಆಗಿದ್ದರೆ ಒಂಬತ್ತು ಗಂಟೆಯೊಳಗೆ ಅದು ಅವರ ಮೇಜಿನ ಮೇಲಿರುತ್ತಿತ್ತು.

ಮೈದುನ